ಚೊಚ್ಚಲ ತತ್ತಿ ಕಾವಿಗೆ ಇಡಬಾರದಂತೆ...

ಹೋದ ವರ್ಷ ಅಕ್ಟೋಬರ್ ತಿಂಗಳ ಒಂದು ಬೆಳಗ್ಗೆ. ಆಫೀಸಿನ ಸ್ಟ್ಯಾಂಡಪ್ ಕಾಲ್ ಶುರುವಾಗಲು ಇನ್ನೈದು ನಿಮಿಷ ಇತ್ತು. ಊರಿಂದ ಅವ್ವನ ಫೋನು. ಆ ಹೊತ್ತಿನಲ್ಲಿ ಅವ್ವ ಯಾವತ್ತೂ ಫೋನ್ ಮಾಡುವವಳಲ್ಲ. ಎದೆ ಧಸಕ್ಕೆಂದಿತು.

"ತಮ್ಮಾ, ಕರೀ ಕೋಳಿ ತತ್ತಿ ಇಡಾಕ ಹತ್ತೇತಿ. ಇವತ್ತಿಗೆ ಐದಾದುವು. ಏನ್ ಮಾಡೂದು? ಕಾವಿಗೆ ಇಡೂದೋ ಬ್ಯಾಡೋ?"

ನನಗೆ ನಗು ಬಂತು. ಆದರೆ ಅವ್ವ ನಗುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ನನಗೂ ನಗು ನಿಂತಿತು. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸ್ವಲ್ಪ ಅಂದರೆ, ಎರಡು ಸಾವಿರ ವರ್ಷ :)

ನಮ್ಮದು ಬ್ಯಾಡಗಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ನಾನು ಹುಟ್ಟಿದ ವರ್ಷ, 1997ರಲ್ಲಿ, ಧಾರವಾಡ ಜಿಲ್ಲೆಯನ್ನು ಒಡೆದು ಹಾವೇರಿ ಜಿಲ್ಲೆ ಮಾಡಿದರು. ಹಾಗಾಗಿ ನಮ್ಮ ಜಿಲ್ಲೆಗೂ ನನಗೂ ಒಂದೇ ವಯಸ್ಸು. ನಮ್ಮ ಮನೆಯ ಕೋಳಿಗಳ ವಂಶ ಮಾತ್ರ ನಮ್ಮಿಬ್ಬರಿಗಿಂತಲೂ ಹಿರಿದು. ಅಜ್ಜಿ ಮೊದಲ ಬಾಣಂತನ ಮುಗಿಸಿಕೊಂಡು ರಾಣೇಬೆನ್ನೂರು ಕಡೆಯ ತವರಿನಿಂದ ಬರುವಾಗ ಬುಟ್ಟಿಯಲ್ಲಿ ಎರಡು ಹೇಂಟೆ ತಂದಿದ್ದಳಂತೆ. ಅವುಗಳ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ನಮ್ಮ ಹಿತ್ತಿಲಲ್ಲಿ ಐವತ್ತು ವರ್ಷದ ಮೇಲೆ ಓಡಾಡಿದವು. ಮಧ್ಯೆ ಹಾವೇರಿಯಿಂದ ಗಿರಿರಾಜ ಕೋಳಿ ತಂದದ್ದುಂಟು, ಬ್ರಾಯ್ಲರ್ ತಿಂದದ್ದೂ ಉಂಟು. ಅಜ್ಜಿಯ ಕೋಳಿಗಳು ಮಾತ್ರ ಹಾಗೇ ಇದ್ದವು.

ಹೋದ ವರ್ಷದ ಬೇಸಿಗೆಯಲ್ಲಿ ಊರಿಗೆ ಕೋಳಿ ಬ್ಯಾನಿ ಬಂತು. ಪಶು ವೈದ್ಯರ ಭಾಷೆಯಲ್ಲಿ ಕೊಕ್ಕರೆ ರೋಗ, ಇಂಗ್ಲಿಷಿನಲ್ಲಿ ರಾಣಿಖೇತ್ ಡಿಸೀಸ್. ಕತ್ತು ತಿರುಚಿಕೊಂಡು, ಬಾಯಿ ತೆರೆದು ಉಸಿರೆಳೆಯುತ್ತ, ಹಸಿರು ಭೇದಿ ಮಾಡಿಕೊಂಡು ಒಂದೊಂದೇ ಬಿದ್ದವು. ನಮ್ಮ ಹದಿನೈದು ಕೋಳಿಗಳಲ್ಲಿ ಹದಿನಾಲ್ಕು ಹೋದವು. ಉಳಿದದ್ದು ಮೂರು ತಿಂಗಳ ಒಂದು ಕರೀ ಹೆಣ್ಣು ಮರಿ. ಅದಕ್ಕೂ ಬ್ಯಾನಿ ಬಂದಿತ್ತು. ಎಂಟು ದಿನ ಮೂಲೆಯಲ್ಲಿ ಮುದುಡಿ ಕೂತಿದ್ದು, ಒಂಬತ್ತನೇ ದಿನ ಎದ್ದು ನುಚ್ಚು ತಿಂತಂತೆ. ಈಗ ಅದು ದೊಡ್ಡದಾಗಿ ಮೊದಲ ಸಲ ತತ್ತಿ ಇಡುತ್ತಿತ್ತು.

ಅಜ್ಜಿಯ ಕಾನೂನಿನ ಪ್ರಕಾರ ಚೊಚ್ಚಲ ತತ್ತಿಯನ್ನು ಕಾವಿಗೆ ಇಡಬಾರದು. ಆದರೆ ಅಜ್ಜಿಯ ಕೋಳಿಗಳ ವಂಶದಲ್ಲಿ ಭೂಮಿ ಮೇಲೆ ಉಳಿದದ್ದು ಆ ಚೊಚ್ಚಲ ತತ್ತಿ ಇಡುವ ಕೋಳಿ ಒಂದೇ. ನಾಳೆ ಅದನ್ನು ನಾಯಿ ಹಿಡಿದರೆ, ಮುಂಗುಸಿ ಹಿಡಿದರೆ, ಅಲ್ಲಿಗೆ ಮುಗೀತು.

ಅವ್ವ ಕೇಳಿದ್ದು ಸುಮ್ಮನೆ ಅಲ್ಲ ಅಂತ ಈಗ ನಿಮಗೂ ಗೊತ್ತಾಗಿರಬೇಕು.

*

ಆ ಕಾನೂನನ್ನು ನಾನು ಒಮ್ಮೆ ಮುರಿದಿದ್ದೆ. 2006ರಲ್ಲಿ, ನನಗೆ ಒಂಬತ್ತು ವರ್ಷ. ಆ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತು. ಭಾರತದಲ್ಲಿ ಕೋಳಿಗಳಿಗೆ ಅದು ಬಂದದ್ದು ಅದೇ ಮೊದಲು. ನವಾಪುರ ನಮ್ಮಿಂದ ಎಷ್ಟು ದೂರ! ಆದರೂ ಊರಲ್ಲಿ ತತ್ತಿ ಕೇಳುವವರೇ ಇಲ್ಲ. ಮನೆಯಲ್ಲಿ ತತ್ತಿಯೋ ತತ್ತಿ. ಬಿಳಿ ಚುಕ್ಕಿಯ ಎಳೇ ಕೋಳಿಯೊಂದು ಆಗಷ್ಟೇ ತತ್ತಿಗೆ ಬಂದಿತ್ತು. ಗೋಲಿಗಿಂತ ಸ್ವಲ್ಪ ದೊಡ್ಡವು ಅನ್ನಿಸುವಂಥ ಪುಟ್ಟ ತತ್ತಿ. ನನಗೆ ಅದರ ಮೇಲೆ ವಿಪರೀತ ಪ್ರೀತಿ.

"ಅವನ್ನ ಇಡಬ್ಯಾಡ ತಮ್ಮಾ."

"ಯಾಕಬೇ ಅಜ್ಜಿ?"

"ಎಳೇದರ ತತ್ತಿ ಎಳೇವ. ಮರಿ ಬಡಕಲಾಗತಾವ. ಮೊದಲಿನ ಸಾಲು ಮನೀಗೆ, ಎರಡನೇ ಸಾಲು ಕಾವಿಗೆ."

ಸಾಲು ಅಂದರೆ ನಾಟಿ ಕೋಳಿ ಒಂದು ಸರ್ತಿಗೆ ಇಡುವ ಹನ್ನೆರಡು ಹದಿನೈದು ತತ್ತಿ. ಸಾಲು ಮುಗಿದ ಮೇಲೆ ಅದು ಕಾವಿಗೆ ಕೂಡುತ್ತದೆ. ವರ್ಷಕ್ಕೆ ಇಂಥ ಮೂರೋ ನಾಲ್ಕೋ ಸಾಲು. ಅಷ್ಟೇ.

ಅಜ್ಜಿ ಹೊಲಕ್ಕೆ ಹೋದಾಗ ನಾನು ಏಳು ಪುಟ್ಟ ತತ್ತಿಗಳನ್ನು ಕಾವಿಗೆ ಕೂತಿದ್ದ ಹಳೇ ಕೋಳಿಯ ಕೆಳಗೆ ಸೇರಿಸಿ, ಅಲ್ಲಿದ್ದ ದೊಡ್ಡ ತತ್ತಿಗಳಲ್ಲಿ ಏಳನ್ನು ತೆಗೆದು ಅಡುಗೆಮನೆಯ ಬುಟ್ಟಿಗೆ ಹಾಕಿದೆ. ಎಂಥ ಬುದ್ಧಿವಂತ! ಎರಡು ದಿನದ ನಂತರ ಅವ್ವ ಒಡೆದ ತತ್ತಿಯಲ್ಲಿ ರಕ್ತದ ಗೆರೆ ಕಂಡಿತು. ಬೆನ್ನಿಗೆ ಬಿದ್ದದ್ದು ಇನ್ನೂ ನೆನಪಿದೆ. ಅಜ್ಜಿ ಮಾತ್ರ, "ಇರಲಿ ಬಿಡ, ನೋಡ್ಲಿ" ಅಂದಳು. ನಾನು ನೋಡಿದೆ. ಏಳರಲ್ಲಿ ಎರಡು ಕೆಟ್ಟವು. ಒಂದು ಮರಿ ಚಿಪ್ಪಿನೊಳಗೇ ಸತ್ತಿತು. ನಾಲ್ಕು ಹೊರಬಂದವು, ಹೆಬ್ಬೆರಳಿನಷ್ಟು. ಹತ್ತು ದಿನದೊಳಗೆ ಮೂರು ಸತ್ತವು. ಒಂದನ್ನು ಹುಣಸೆ ಮರದ ಕೆಳಗೆ ಹೂಳಿ ಬಂದು ಊಟ ಬಿಟ್ಟಿದ್ದೆ. ನಾಲ್ಕನೆಯದು ಬದುಕಿತು. ಒಂದು ವರ್ಷದ ಮೇಲೆ ಅದು ಇಟ್ಟ ತತ್ತಿ ಎಲ್ಲರದರಷ್ಟೇ ದೊಡ್ಡದಿತ್ತು. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

*

ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ಸುಮ್ಮನೆ ಏನೇನೋ ಓದುವ ಚಟ ಹತ್ತಿತ್ತು. ಹಾಗೇ ಒಮ್ಮೆ ಸಿಕ್ಕವನು ಕೊಲುಮೆಲ್ಲ. ಕ್ರಿಸ್ತಶಕ ಒಂದನೇ ಶತಮಾನದ ರೋಮನ್ ಲೇಖಕ. ಬೇಸಾಯದ ಬಗ್ಗೆ ಹನ್ನೆರಡು ಭಾಗದ ಪುಸ್ತಕ ಬರೆದವನು. ಎಂಟನೇ ಭಾಗದಲ್ಲಿ ಕೋಳಿ ಸಾಕಣೆ ಇದೆ. ಓದುತ್ತ ಓದುತ್ತ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ!

ಕಾವಿಗೆ ಇಡುವ ತತ್ತಿ ಬೆಸ ಸಂಖ್ಯೆಯಲ್ಲಿ ಇರಬೇಕು ಅನ್ನುತ್ತಾನೆ. ಅಜ್ಜಿಯೂ ಹಾಗೇ, ಒಂಬತ್ತು, ಹನ್ನೊಂದು, ಹದಿಮೂರು. ಕಾವಿಗೆ ಕೂಡಿಸಲು ಎಳೇ ಕೋಳಿಗಿಂತ ಅನುಭವಸ್ಥ ಹಳೇ ಕೋಳಿ ಒಳ್ಳೆಯದು, ಎಳೆಯವು ತತ್ತಿ ಇಡುತ್ತಿರಲಿ ಅನ್ನುತ್ತಾನೆ. ಅಜ್ಜಿಯ ಮಾತೂ ಅದೇ. ಇನ್ನೂ ಇದೆ. ಗುಡುಗಿಗೆ ತತ್ತಿ ಕೆಡಬಾರದೆಂದು ಬಹಳ ಜನ ಗೂಡಿನ ಹುಲ್ಲಿನ ಕೆಳಗೆ ಬೆಳ್ಳುಳ್ಳಿ ಗಡ್ಡೆ, ಕಬ್ಬಿಣದ ಮೊಳೆ ಇಡುತ್ತಾರೆ ಅಂತ ಬರೆದಿದ್ದಾನೆ. ನಮ್ಮ ಅಜ್ಜಿ ಬುಟ್ಟಿಯ ತಳಕ್ಕೆ ಬೂದಿ ಹಾಕಿ, ಒಂದು ಕಬ್ಬಿಣದ ಮೊಳೆ, ಒಂದು ಇದ್ದಿಲ ಚೂರು, ಒಂದು ಕೆಂಪು ಮೆಣಸಿನಕಾಯಿ ಇಡುತ್ತಿದ್ದಳು. ರೋಮಿನಲ್ಲಿ ಬೆಳ್ಳುಳ್ಳಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿ. ಇನ್ನೇನು ವ್ಯತ್ಯಾಸ? ಮೆಣಸಿನಕಾಯಿ ನಮ್ಮ ದೇಶಕ್ಕೆ ಬಂದದ್ದೇ 16ನೇ ಶತಮಾನದಲ್ಲಿ, ಪೋರ್ಚುಗೀಸರ ಹಡಗಿನಲ್ಲಿ. ಹಾಗಾದರೆ ಅದಕ್ಕೂ ಮುಂಚೆ ಬುಟ್ಟಿಯಲ್ಲಿ ಆ ಜಾಗಕ್ಕೆ ಬೇರೆ ಏನೋ ಇದ್ದಿರಬೇಕು.

ಮೊಳೆಗೂ ಗುಡುಗಿಗೂ ಏನೂ ಸಂಬಂಧವಿಲ್ಲ, ಅದು ನಂಬಿಕೆ. ಆದರೆ ಎಳೇ ಕೋಳಿಯ ತತ್ತಿಯ ಮಾತು ಬರೀ ನಂಬಿಕೆಯಲ್ಲ. ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲೇ ಅರಿಸ್ಟಾಟಲ್ ಎಳೇ ಕೋಳಿಗಳ ತತ್ತಿ ಸಣ್ಣವು ಅಂತ ಬರೆದಿಟ್ಟಿದ್ದಾನೆ. ಕಾವಿಗಿಟ್ಟ ತತ್ತಿಗಳು ದಿನದಿಂದ ದಿನಕ್ಕೆ ಒಳಗೆ ಹೇಗೆ ಬದಲಾಗುತ್ತವೆ, ಮೂರನೇ ದಿನ ಹೃದಯ ಹೇಗೆ ರಕ್ತದ ಚುಕ್ಕಿಯಂತೆ ಮಿಡಿಯುತ್ತದೆ ಅಂತಲೂ ಬರೆದವನು ಅವನೇ. ನಮ್ಮವ್ವ ಒಡೆದ ತತ್ತಿಯಲ್ಲಿ ಕಂಡ ಗೆರೆಯೂ ಅದೇ ಇರಬೇಕು. ನನಗೆ ಹೊಡೆತ ಬಿತ್ತು, ಅವನಿಗೆ ಹೆಸರು ಬಂತು :)

*

ಹಾಗಾದರೆ ನಮ್ಮ ಕಡೆಯ ಇತಿಹಾಸದಲ್ಲಿ ಕೋಳಿ ಎಲ್ಲಿದೆ ಅಂತ ಹುಡುಕಿದೆ.

ಕೋಳಿಯ ತವರು ಸಿಂಧೂ ಕಣಿವೆ ಅಂತ ಬಹಳ ದಿನ ನಂಬಿದ್ದರು. ಇತ್ತೀಚಿನ ಸಂಶೋಧನೆಗಳು ಬೇರೆ ದಿಕ್ಕು ತೋರಿಸಿವೆ. 2020ರಲ್ಲಿ ಪ್ರಕಟವಾದ ದೊಡ್ಡ ಜೀನೋಮ್ ಅಧ್ಯಯನವೊಂದು, ಮನೆಕೋಳಿಯ ಮೂಲ ಆಗ್ನೇಯ ಏಷ್ಯಾ ಕಡೆಯ ಕೆಂಪು ಕಾಡುಕೋಳಿಯ ಒಂದು ಉಪಜಾತಿ ಎಂದಿತು. 2022ರಲ್ಲಿ ಪುರಾತತ್ವದವರು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕ, ಕ್ರಿಸ್ತಪೂರ್ವ 1650ರಿಂದ 1250ರ ನಡುವಿನ ಎಲುಬುಗಳೇ ಖಚಿತವಾದ ಅತಿ ಹಳೆಯ ಮನೆಕೋಳಿಯವು ಎಂದರು. ಭತ್ತ, ಸಿರಿಧಾನ್ಯ ಬೆಳೆಯುವ ಕಡೆ ಕಾಳು ಹೆಕ್ಕಲು ಬಂದ ಕಾಡುಕೋಳಿ ಮನೆಕೋಳಿ ಆಯಿತಂತೆ. ಆದರೆ ನಮ್ಮ ಪಾಲೂ ಇದೆ. ಕೋಳಿಯ ಕಾಲು, ಚರ್ಮ ಹಳದಿಯಾಗಿಸುವ ಜೀನು ಬಂದದ್ದು ಕೆಂಪು ಕಾಡುಕೋಳಿಯಿಂದಲ್ಲ, ನಮ್ಮ ಪಶ್ಚಿಮ ಘಟ್ಟದಲ್ಲೂ ಕೂಗುವ ಬೂದು ಕಾಡುಕೋಳಿಯಿಂದ ಅಂತ 2008ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ಅಜ್ಜಿಯ ಕೋಳಿಗಳಿಗೆಲ್ಲ ಹಳದಿ ಕಾಲು!

ಇನ್ನು ಕನ್ನಡನಾಡಿನ ಬರಹಗಳಿಗೆ ಬಂದರೆ ತಮಾಷೆಯಾಗಿದೆ. ಹಾವೇರಿಯ ಪುರಸಿದ್ಧೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಅದೇ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಕೋಳಿ ಕಾಳಗಕ್ಕೆ ಜಾಗವಿದೆ. ಜನ್ನನ ಯಶೋಧರ ಚರಿತೆಯಲ್ಲಿ (1209) ಕಥೆ ತಿರುಗುವುದೇ ಹಿಟ್ಟಿನ ಹುಂಜದ ಬಲಿಯ ಮೇಲೆ. ಕರಾವಳಿಯಲ್ಲಿ ಕೋಳಿ ಅಂಕ. ಎಲ್ಲಾ ಕಡೆ ಹುಂಜವೇ! ಅರಮನೆಯಲ್ಲಿ, ಗುಡಿಯ ಮುಂದೆ, ಅಂಕದ ಕಣದಲ್ಲಿ ಹುಂಜ. ಬಸವಣ್ಣನವರ ಒಂದು ವಚನದಲ್ಲಿ ಮಾತ್ರ ಕಾಳು ಕಂಡಾಗ ತನ್ನವರನ್ನೆಲ್ಲ ಕೂಗಿ ಕರೆಯುವ ಕೋಳಿ ಬರುತ್ತದೆ. ಅಲ್ಲಿ ನನಗೆ ಹಿತ್ತಿಲು ಕಾಣುತ್ತದೆ.

ತತ್ತಿ ಆರಿಸುವುದು, ಯಾವ ಕೋಳಿಯನ್ನು ಕಾವಿಗೆ ಕೂಡಿಸಬೇಕು, ಯಾವ ಸಾಲಿನ ತತ್ತಿ ಇಡಬೇಕು ಅನ್ನುವುದೆಲ್ಲ ಹೆಂಗಸರ ಕೈಯಲ್ಲಿತ್ತು. ಕೋಳಿ ದುಡ್ಡು ಅಜ್ಜಿಯ ಸ್ವಂತ ದುಡ್ಡು, ಅಜ್ಜ ಅದನ್ನು ಕೇಳುತ್ತಿರಲಿಲ್ಲ. ಅದನ್ನು ಯಾರೂ ಶಾಸನದಲ್ಲಿ ಕೆತ್ತಲಿಲ್ಲ. ಅದು ಬಾಯಿಂದ ಬಾಯಿಗೆ, ತವರಿಂದ ಗಂಡನ ಮನೆಗೆ ಬುಟ್ಟಿಯಲ್ಲಿ ಬಂತು. ಅಜ್ಜಿ 2014ರಲ್ಲಿ ತೀರಿಕೊಂಡಳು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ.

*

ಈಗ ಕಾನೂನಿನ ಒಳಗಿರುವ ಕಾರಣ ನೋಡೋಣ. ಯಾಕೆಂದರೆ ಕಾರಣ ಗೊತ್ತಾದರೆ ತಾನೆ ಯಾವಾಗ ಮುರಿಯಬಹುದು ಅಂತ ಗೊತ್ತಾಗುವುದು?

ಮೊಟ್ಟ ಮೊದಲನೆಯದು ಗಾತ್ರ. ತತ್ತಿಯಿಂದ ಹೊರಬರುವ ಮರಿಯ ತೂಕ ತತ್ತಿಯ ತೂಕದ ಸುಮಾರು ಮೂರರಲ್ಲಿ ಎರಡು ಪಾಲು. ತತ್ತಿ ಸಣ್ಣದಿದ್ದರೆ ಮರಿಯೂ ಸಣ್ಣದು. ಎಳೇ ಕೋಳಿಯ ತತ್ತಿಯಲ್ಲಿ ಹಳದಿಯ ಪಾಲೂ ಕಡಿಮೆ. ಬಿಳಿ ಲೋಳೆ ಬರೀ ನೀರಲ್ಲ, ಆದರೆ ಮರಿಯ ಬುತ್ತಿ ಇರುವುದು ಹಳದಿಯಲ್ಲಿ. ಹೊರಬರುವ ಮುಂಚೆ ಮರಿ ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಅದರ ಮೇಲೆ ಎರಡು ಮೂರು ದಿನ ಏನೂ ತಿನ್ನದೆ ಬದುಕಬಲ್ಲದು. ಬುತ್ತಿ ಸಣ್ಣದಾದರೆ ದಾರಿ ಸವೆಯುವುದು ಕಷ್ಟ. ಸಣ್ಣ ಮರಿ ಬೇಗ ತಣ್ಣಗಾಗುತ್ತದೆ ಕೂಡ.

ಇನ್ನೊಂದು, ಹೊಸದಾಗಿ ತತ್ತಿಗೆ ಬಂದ ಕೋಳಿಗಳ ತತ್ತಿಯಲ್ಲಿ ಫಲ ಕಟ್ಟುವುದು ಕಡಿಮೆ, ಕಟ್ಟಿದರೂ ಮೊದಲ ದಿನಗಳಲ್ಲೇ ಸಾಯುವ ಪಿಂಡಗಳು ಹೆಚ್ಚು. ದೊಡ್ಡ ದೊಡ್ಡ ಹ್ಯಾಚರಿಗಳಲ್ಲೂ ತಾಯಿ ಕೋಳಿಗಳು 24-25 ವಾರಕ್ಕೆ ತತ್ತಿ ಶುರುಮಾಡಿದಾಗ, ತತ್ತಿ ಸಾಮಾನ್ಯವಾಗಿ 50 ಗ್ರಾಂ ಹತ್ತಿರ ಬರುವತನಕ ಯಂತ್ರಕ್ಕೆ ಇಡುವುದಿಲ್ಲ. ಅವರು ಕಂಪ್ಯೂಟರಿನಲ್ಲಿ ಲೆಕ್ಕ ಇಡುತ್ತಾರೆ. ಅಜ್ಜಿ ಅಂಗೈಯಲ್ಲಿ ಇಟ್ಟು ನೋಡುತ್ತಿದ್ದಳು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ವರ್ಷನ್ 1.0 ಅನ್ನು ನೇರ ಪ್ರೊಡಕ್ಷನ್‌ಗೆ ಹಾಕಬೇಡಪ್ಪ ಅಂತ.

ಮೂರನೆಯ ಕಾರಣ ನನಗೆ ಬಹಳ ಹಿಡಿಸಿತು. ಎಳೇ ಕೋಳಿ ಇನ್ನೂ ಒಂದು ಬೇಸಿಗೆ, ಒಂದು ಬ್ಯಾನಿ ಕಂಡಿರುವುದಿಲ್ಲ. ಅದು ಗಟ್ಟಿಯೋ ಅಲ್ಲವೋ ಯಾರಿಗೆ ಗೊತ್ತು? ವರ್ಷ ದಾಟಿದ ಕೋಳಿಯ ತತ್ತಿ ಇಟ್ಟರೆ ಬದುಕಿ ತೋರಿಸಿದ ತಾಯಿಯ ಮಕ್ಕಳನ್ನೇ ಬೆಳೆಸಿದಂತೆ. ಅದಕ್ಕೂ ಮೇಲೆ ಒಂದು ವಿಷಯವಿದೆ. 1893ರಲ್ಲಿ ಫೆಲಿಕ್ಸ್ ಕ್ಲೆಂಪೆರರ್ ಎಂಬ ಜರ್ಮನ್ ವೈದ್ಯ, ಧನುರ್ವಾಯುವಿನ ವಿರುದ್ಧ ರೋಗನಿರೋಧಕ ಶಕ್ತಿ ಬರಿಸಿದ ಕೋಳಿಯ ತತ್ತಿಯ ಹಳದಿಯಲ್ಲೂ ಆ ಶಕ್ತಿ ಇರುತ್ತದೆಂದು ತೋರಿಸಿದ. ಅಂದರೆ ತಾಯಿ ಗೆದ್ದ ರೋಗದ ಪ್ರತಿಕಾಯಗಳು ಹಳದಿಯ ಮೂಲಕ ಮರಿಗೆ ಹೋಗುತ್ತವೆ. ಮೊದಲ ಎರಡು ಮೂರು ವಾರ ಅದೇ ಮರಿಗೆ ಕಾವಲು.

ಕೊಕ್ಕರೆ ರೋಗದ ಕಥೆಯೂ ಅಷ್ಟೇ. 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಅದನ್ನು ಗುರುತಿಸಿದರು. ಬೆನ್ನಲ್ಲೇ ಕುಮಾವೂ ಬೆಟ್ಟದ ರಾಣಿಖೇತ್‌ನಲ್ಲಿ ಸಿಕ್ಕಿತು, ನಮ್ಮ ದೇಶದಲ್ಲಿ ಅದೇ ಹೆಸರು ನಿಂತಿತು. (ರಾಣೇಬೆನ್ನೂರಿಗೂ ಅದಕ್ಕೂ ಸಂಬಂಧವಿಲ್ಲ, ದಯವಿಟ್ಟು ಹೆದರಬೇಡಿ!) ಲಸಿಕೆ ಬಂದು ಎಷ್ಟೋ ದಶಕಗಳಾದವು. ತೊಂದರೆ ಏನೆಂದರೆ ಒಂದು ಸೀಸೆಯಲ್ಲಿ ನೂರಾರು ಕೋಳಿಗಾಗುವಷ್ಟು ಇರುತ್ತದೆ, ಬೆರೆಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಎಂಟು ಕೋಳಿ ಸಾಕಿದವಳಿಗಾಗಿ ಸೀಸೆ ಒಡೆಯುವವರು ಯಾರು? ಸಾವಿರಾರು ಕೋಳಿಯ ಶೆಡ್ಡಿಗೆ ಲಸಿಕೆ ಹೋಗುತ್ತದೆ, ಹಿತ್ತಿಲಿಗೆ ಬ್ಯಾನಿ ಬರುತ್ತದೆ.

*

ಇನ್ನೊಂದು ಪ್ರಶ್ನೆ ನಿಮಗೆ ಬಂದಿರಬಹುದು. ಇಷ್ಟೆಲ್ಲ ತಲೆಬಿಸಿ ಯಾಕೆ, ಪೇಟೆಯಿಂದ ನಾಲ್ಕು ಮರಿ ತಂದು ಬಿಟ್ಟರೆ ಆಯಿತಲ್ಲ?

ಕೋಳಿ ಇಲ್ಲದೆ ಮರಿ ಮಾಡಿಸುವ ವಿದ್ಯೆ ಹಳೆಯದು. ಈಜಿಪ್ಟಿನಲ್ಲಿ ತತ್ತಿಗಳನ್ನು ಗೊಬ್ಬರದ ಶಾಖದಲ್ಲಿ ಹೂತು ಮರಿ ಮಾಡಿಸುತ್ತಾರೆ ಅಂತ ಅರಿಸ್ಟಾಟಲ್ಲೇ ಬರೆದಿದ್ದಾನೆ. ಮುಂದೆ ಅಲ್ಲಿ ದೊಡ್ಡ ಮಣ್ಣಿನ ಒಲೆಮನೆಗಳು ಬಂದವು. 1749ರಲ್ಲಿ ಫ್ರಾನ್ಸಿನ ರಿಯೋಮ್ಯೂರ್ ಆ ವಿದ್ಯೆಯ ಮೇಲೆ ಪುಸ್ತಕವನ್ನೇ ಬರೆದ. 19ನೇ ಶತಮಾನದ ಕೊನೆಗೆ ಶಾಖ ಹದದಲ್ಲಿಡುವ ಇನ್‌ಕ್ಯುಬೇಟರ್‌ಗಳು ಬಂದವು. 1892ರಲ್ಲಿ ಅಮೆರಿಕದ ನ್ಯೂಜೆರ್ಸಿಯಿಂದ ಒಂದು ದಿನದ ಮರಿಗಳನ್ನು ರೈಲಿನಲ್ಲಿ ಕಳಿಸುವ ವ್ಯಾಪಾರ ಶುರುವಾಯಿತು. ಹೊಟ್ಟೆಯಲ್ಲಿನ ಹಳದಿ ಬುತ್ತಿಯ ಬಲದ ಮೇಲೇ ಈ ವ್ಯಾಪಾರ ನಿಂತಿರುವುದು.

ಯಂತ್ರ ಬಂದ ಮೇಲೆ ಕೋಳಿ ಕಾವಿಗೆ ಕೂಡುವುದು ದಂಡ ಅನ್ನಿಸಿತು. ಕಾವಿಗೆ ಕೂತ ಕೋಳಿ 21 ದಿನ ತತ್ತಿ ಇಡುವುದಿಲ್ಲ, ಮರಿ ಸಾಕುವ ಎರಡು ಮೂರು ತಿಂಗಳೂ ಇಡುವುದಿಲ್ಲ. ಹಾಗಾಗಿ ಕಾವಿಗೆ ಕೂಡದ ಕೋಳಿಗಳನ್ನೇ ಆರಿಸುತ್ತ ಹೋದರು. ಬಿಳಿ ಲೆಗ್‌ಹಾರ್ನ್ ವರ್ಷಕ್ಕೆ ಮುನ್ನೂರರ ಹತ್ತಿರ ತತ್ತಿ ಇಡುವಂತಾಯಿತು, ತಾಯಿ ಆಗುವುದನ್ನು ಮರೆಯಿತು. ನಮ್ಮಲ್ಲಿ 1971ರಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಶುರುವಾಯಿತು, ಬೆಂಗಳೂರಿನ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಕೇಂದ್ರ ಬೆಳೆಯಿತು. 1980ರ ದಶಕದ ಕೊನೆಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಹಿತ್ತಿಲಿಗೆಂದೇ ಗಿರಿರಾಜ ತಳಿ ಕೊಟ್ಟರು, 2005ರಲ್ಲಿ ಸ್ವರ್ಣಧಾರಾ ಬಂತು. ಒಳ್ಳೆಯ ಕೋಳಿಗಳೇ. ನಮ್ಮ ಮನೆಯ ಗಿರಿರಾಜ ಇಟ್ಟ ತತ್ತಿ ನೋಡಿ ಓಣಿಯೇ ಬಂದಿತ್ತು. ಆದರೆ ಅದು ಕಾವಿಗೆ ಕೂಡಲೇ ಇಲ್ಲ. ಅದರ ತತ್ತಿಯನ್ನು ಅಜ್ಜಿ ನಾಟಿ ಕೋಳಿಯ ಕೆಳಗೆ ಇಟ್ಟು ಮರಿ ಮಾಡಿಸಿದಳು. ಮರಿಗಳು ಒಂದೊಂದು ಒಂದೊಂದು ಥರ. ಮಿಶ್ರ ತಳಿಯ ಹಣೆಬರಹ ಅದು, ಅದೇ ಗುಣ ಬೇಕಂದರೆ ಮತ್ತೆ ಕೇಂದ್ರದಿಂದಲೇ ಮರಿ ತರಬೇಕು.

ಈ ಮಾತು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ರಾಣೇಬೆನ್ನೂರು ಸುತ್ತಮುತ್ತ ಹೈಬ್ರಿಡ್ ಬೀಜ ಬೆಳೆಯುವುದೇ ದೊಡ್ಡ ಕಸುಬು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರ್ಕಿಯವರು ವರಲಕ್ಷ್ಮಿ ಹತ್ತಿ ಕೊಟ್ಟ ಮೇಲೆ ಕ್ರಾಸಿಂಗ್ ಕೆಲಸ ಹಳ್ಳಿ ಹಳ್ಳಿಗೆ ಬಂತು. ನಮ್ಮ ಸಣ್ಣವ್ವ ಅಲ್ಲೇ ಇರುವುದು. ಸಂಜೆ ಮೊಗ್ಗಿನ ಗಂಡು ಭಾಗ ಕಿತ್ತು, ಬೆಳಗ್ಗೆ ಬೇರೆ ಹೂವಿನ ಪರಾಗ ಮುಟ್ಟಿಸಿ ಅವಳ ಬೆರಳು ಸವೆದಿವೆ. ಆ ಬೀಜ ದೇಶಕ್ಕೆಲ್ಲ ಹೋಗುತ್ತದೆ. ಅವಳ ಹೊಲಕ್ಕೆ ಮಾತ್ರ ಪ್ರತಿ ವರ್ಷ ಪಾಕೀಟು ಕೊಳ್ಳಬೇಕು. ಅತ್ತ ಬ್ಯಾಡಗಿಯಲ್ಲಿ ಕಡ್ಡಿ, ಡಬ್ಬಿ ಮೆಣಸಿನಕಾಯಿಗೆ ರೈತರು ಒಳ್ಳೆಯ ಹಣ್ಣು ಆರಿಸಿ ತಮ್ಮದೇ ಬೀಜ ಮಾಡಿಕೊಂಡು ಬಂದವರು. 2011ರಲ್ಲಿ ಅದಕ್ಕೆ ಜಿಐ ಟ್ಯಾಗ್ ಸಿಕ್ಕಿತು. ಆ ಹೆಸರನ್ನು ಉಳಿಸಿದ್ದು ಮನೆ ಮನೆಯ ಬೀಜದ ಗಂಟು.

ಹೈಬ್ರಿಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದರಿಂದ ಹೊಟ್ಟೆ ತುಂಬಿದೆ. ಆದರೆ ಗಿರಿರಾಜ ಒಂದು ಸಲ ಸತ್ತರೆ ಮತ್ತೆ ಕೊಡಲು ಹೆಬ್ಬಾಳವಿದೆ. ಅಜ್ಜಿಯ ಕರೀ ಕೋಳಿ ಸತ್ತರೆ ಕೊಡಲು ಯಾವ ಕೇಂದ್ರವೂ ಇಲ್ಲ. ತಾನೇ ಕೂತು, ತಾನೇ ಮರಿ ಮಾಡಿ, ಹದ್ದು ಬಂದರೆ ತಾನೇ ರೆಕ್ಕೆ ಬಿಚ್ಚಿ ನಿಲ್ಲುವ ಕೋಳಿ ಅದು.

*

ಮತ್ತೆ ಅವ್ವನ ಪ್ರಶ್ನೆಗೆ ಬರೋಣ. ಇಡುವುದೋ ಬೇಡವೋ?

ಸ್ಟ್ಯಾಂಡಪ್ ಮುಗಿಸಿ ತಿರುಗಿ ಫೋನ್ ಮಾಡಿದೆ. "ಇಡೋಣ ಅವ್ವಾ. ಆದ್ರ ಈ ಐದು ಬ್ಯಾಡ. ಇವನ್ನ ತಿಂದುಬಿಡ್ರಿ."

ನನ್ನ ಲೆಕ್ಕ ಇಷ್ಟೇ. ಒಂದೇ ಸಾಲಿನಲ್ಲೂ ಮೊದಲಿನ ತತ್ತಿಗಿಂತ ಕೊನೆಯವು ದೊಡ್ಡವು. ಇನ್ನು ಮುಂದೆ ಇಡುವುದನ್ನು ತಣ್ಣನೆಯ ಜಾಗದಲ್ಲಿ ಕಾದಿಟ್ಟರೆ ಹತ್ತು ದಿನದೊಳಗೆ ಸಾಕಷ್ಟಾಗುತ್ತವೆ. ಅದಕ್ಕಿಂತ ಹಳೆಯದಾದರೆ ಫಲ ಕಡಿಮೆ. ಇನ್ನು ಬದುಕಿ ತೋರಿಸಿದ ತಾಯಿಯ ಮಾತು. ಈ ಎಳೇ ಕೋಳಿ ಊರಿನ ಎಲ್ಲಾ ಹಳೇ ಕೋಳಿಗಳಿಗಿಂತ ದೊಡ್ಡ ಪರೀಕ್ಷೆ ಪಾಸಾಗಿದೆ. ಬ್ಯಾನಿ ಗೆದ್ದ ತಾಯಿ, ಹಳದಿಯಲ್ಲಿ ಅದರ ಕಾವಲನ್ನೂ ಕಳಿಸುತ್ತದೆ. ಉಳಿದದ್ದು ಗಾತ್ರ ಒಂದೇ. 2006ರ ನನ್ನ ಆ ನಾಲ್ಕನೇ ಮರಿ ನೆನಪಾಯಿತು. ತತ್ತಿ ಸಣ್ಣದು ಅನ್ನುವುದು ತಾಯಿಯ ವಯಸ್ಸಿನ ಗುಣ, ರಕ್ತದ ಗುಣವಲ್ಲ. ಮೊದಲ ಹದಿನೈದು ದಿನ ಬೆಚ್ಚಗಿಟ್ಟು ದಾಟಿಸಿದರೆ ಮುಂದೆ ಅದು ಎಲ್ಲರಂತೆ ಕೋಳಿಯೇ.

ದೀಪಾವಳಿಗೆ ಊರಿಗೆ ಹೋಗುವಾಗ ಬೆಂಗಳೂರಿನಿಂದ ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಯ್ದೆ. ಅವ್ವ ಎಂಟು ತತ್ತಿ ಕೂಡಿಸಿದ್ದಳು. 33 ಗ್ರಾಮಿನಿಂದ 38 ಗ್ರಾಮಿನವರೆಗೆ. ಸಣ್ಣದೊಂದನ್ನು ಬಿಟ್ಟೆವು. ಏಳು! ಬೆಸ ಸಂಖ್ಯೆ, ಅವ್ವನಿಗೆ ಸಮಾಧಾನ. ಕರೀ ಕೋಳಿಗೆ ಕಾವಿಗೆ ಕೂಡುವ ಅನುಭವವಿಲ್ಲ, ಆದ್ದರಿಂದ ಪಕ್ಕದ ಮನೆಯ ದೊಡ್ಡವ್ವನ ಹತ್ತಿರ ಕಾವಿನ ಹಳೇ ಕೋಳಿ ಎರವಲು ತಂದೆವು. ಬುಟ್ಟಿಗೆ ಬೂದಿ, ಹುಲ್ಲು. ಅವ್ವ ಮೊಳೆ, ಇದ್ದಿಲು, ಮೆಣಸಿನಕಾಯಿ ತಂದಳು. ನಾನು ಏನೂ ಅನ್ನಲಿಲ್ಲ. ಕೊಲುಮೆಲ್ಲನೂ ಸುಮ್ಮನಿದ್ದನಲ್ಲ!

ಏಳನೇ ದಿನ ಅವ್ವ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ವಿಡಿಯೋ ಕಾಲ್ ಮಾಡಿದಳು. ಆರರಲ್ಲಿ ಜೇಡರ ಬಲೆಯಂಥ ಕೆಂಪು ನರಗಳು. ಒಂದು ಖಾಲಿ. ಇಪ್ಪತ್ತೊಂದನೇ ದಿನ ಮೂರು, ಮರುದಿನ ಎರಡು ಮರಿ ಹೊರಬಂದವು. ಒಂದು ಬರಲಿಲ್ಲ. ತೂಗಿ ನೋಡೆಂದೆ, "ಮಕ್ಕಳನ್ನ ತೂಗಬಾರದು" ಅಂದು ಫೋನ್ ಇಟ್ಟಳು. ಒಂದು ಮರಿ ಎರಡನೇ ದಿನ ಹೋಯಿತು. ಇನ್ನೊಂದನ್ನು ಬೆಕ್ಕು ಒಯ್ದಿತು. ಮೂರು ಉಳಿದವು, ಎರಡು ಹೆಣ್ಣು, ಒಂದು ಹುಂಜ. ಓಣಿಯ ಎಲ್ಲರ ಕೋಳಿಗಳನ್ನೂ ಒಂದು ಸಂಜೆ ಒಟ್ಟು ಮಾಡಿ, ಒಂದೇ ಸೀಸೆ ಲಸಿಕೆ ತರಿಸಿ ಹಾಕಿಸಿದರು. ಅದನ್ನು ಮಾಡಿಸಿದ್ದು ಅವ್ವ ಮತ್ತು ಪಕ್ಕದ ಮನೆಯ ದೊಡ್ಡವ್ವ. ನನ್ನ ಪಾಲು ಫೋನಿನಲ್ಲಿ ಪುಕ್ಕಟೆ ಸಲಹೆ ಮಾತ್ರ.

ಕರೀ ಕೋಳಿ ಎರಡನೇ ಸಾಲಿಗೆ ತಾನೇ ಕಾವಿಗೆ ಕೂತಿತು. ಹಿತ್ತಿಲಲ್ಲಿ ಈಗ ಹನ್ನೊಂದು ಕೋಳಿ ಓಡಾಡುತ್ತಿವೆ.

ಮೊನ್ನೆ ಬೆಳಗ್ಗೆ ಮತ್ತೆ ಅದೇ ಹೊತ್ತಿಗೆ ಫೋನ್ ಬಂತು. ಈ ಸಲ ಎದೆ ಧಸಕ್ಕೆನ್ನಲಿಲ್ಲ.

"ತಮ್ಮಾ, ಆ ಮೂರರಾಗಿನ ಒಂದು ಹೆಣ್ಣು ತತ್ತಿ ಇಡಾಕ ಹತ್ತೇತಿ. ನಾಕಾದುವು."

"ಏನ್ ಮಾಡ್ತೀಯವ್ವಾ, ಕಾವಿಗೆ ಇಡ್ತೀಯೇನು?"

"ಹುಚ್ಚ! ಚೊಚ್ಚಲ ತತ್ತಿ ಯಾರರ ಕಾವಿಗೆ ಇಡ್ತಾರೇನ? ಶನಿವಾರ ಬಾ, ಕುದಿಸಿ ಕೊಡ್ತೀನಿ."

ರೈಲಿನ ಟಿಕೆಟ್ ಬುಕ್ ಮಾಡಿದ್ದೇನೆ. ನಿಮ್ಮೂರಿನಲ್ಲಿ ಕಾವಿನ ಬುಟ್ಟಿಗೆ ಏನೇನು ಇಡುತ್ತಾರೆ? ನೆನಪಿರುವ ಅಜ್ಜಿಯಂದಿರು ಇದ್ದರೆ ಈಗಲೇ ಕೇಳಿ ಬರೆದಿಡಿ.